ಸಿನಿಮಾ ರಾಣಿಯ ಸೀರೆಯ ಬಣ್ಣ

“ಸಾವ್ಕಾರ್ರ, ಸಿನಿಮಾದಾಗ ರಾಣಿ ಉಟ್ಟಿದ್ಳಲ್ಲ, ಅದೇ ಸೀರಿ ತೋರಸ್ರಿ. ಇಲ್ಲಾಂದ್ರ ಈಕಿ ಮದಿವಿನೇ ಒಲ್ಲೆ ಅಂತಾಳ!” ಎನ್ನುತ್ತ ಭಂಕೂರಿನ ತಾಯಿಯೊಬ್ಬರು ಮಗಳು, ಅಜ್ಜಿಯೊಂದಿಗೆ ಶಹಾಬಾದಿನ ನನ್ನ ಅಂಗಡಿ ಹತ್ತಿದರು. ತಾಯಿ ಹಸಿರು ಸೀರೆ ಎಂದರು, ಮಗಳು ಕೆಂಪು ಎಂದಳು. ನೋಡಿದ್ದು ಕಪ್ಪು ಬಿಳುಪು ಸಿನಿಮಾ! ಜಗಳವಾಡುತ್ತಲೇ ಇಬ್ಬರೂ ಎದ್ದು ಹೊರಟರು. ಬಂದ ಗಿರಾಕಿ ಕೈತಪ್ಪಿತು ಎಂದುಕೊಂಡೆ.

ಆಗ ಅಜ್ಜಿ ಗದರಿದಳು: “ಏ, ನಿಮ್ಮ ಕಣ್ಣಿಗೇನಾಗ್ಯಾದ? ಸೀರಿ ಬೂದಿ ಬಣ್ಣದ್ದಿತ್ತು. ನಾ ಎಲ್ಲಾರ್ಕಿಂತ ಮುಂದ ಕುಂತು ನೋಡೀನಿ!”

ಹೊರಟಿದ್ದ ಇಬ್ಬರೂ ಮರಳಿ ಬಂದು ಕುಳಿತರು. ಯಾರೂ ಕೊಳ್ಳದೆ ಮೂಲೆ ಸೇರಿದ್ದ ಬೂದಿ ಬಣ್ಣದ ಸೀರೆಯನ್ನು ಕೊಡವಿ ಮುಂದಿಟ್ಟೆ. ಹುಡುಗಿ ಎದೆಗೆ ಅವಚಿಕೊಂಡಳು.

ವ್ಯಾಪಾರಿ ಬಂಧುಗಳೇ, ಮಾರಾಟವಾಗದ ಸೀರೆಯನ್ನು ಬಯ್ಯಬೇಡಿ. ಯಾವುದೋ ಸಿನಿಮಾದಲ್ಲಿ ಯಾವಳೋ ರಾಣಿ ಅದನ್ನು ಉಟ್ಟೇ ಇರುತ್ತಾಳೆ.