ಹತ್ತು ಲಕ್ಷದ ಮೂರು

ಬೆಳಗಿನ ಐದೂವರೆ. ವಾಡಿ ಜಂಕ್ಷನ್ನಿನಲ್ಲಿ ಶಹಾಬಾದಿನ ಹಾಸುಗಲ್ಲು ಹೇರಿಕೊಂಡ ಗೂಡ್ಸ್ ಗಾಡಿ ನಿಂತಿದೆ. ಅಂಬರಾಯ ಅದರ ಉದ್ದಕ್ಕೂ ನಡೆಯುತ್ತ ಡಬ್ಬಿಗಳ ನಂಬರನ್ನು ಪುಸ್ತಕಕ್ಕೆ ಇಳಿಸುತ್ತಿದ್ದಾರೆ. 38541ರ ಎದುರು ತುಸು ನಿಲ್ಲುತ್ತಾರೆ.

"ಮೂರು, ಇಪ್ಪತ್ತೊಂಬತ್ತು, ನಾಕನೂರಾ ನಲವತ್ಮೂರು. ಗುಣಿಸಿ ನೋಡ್ರಿ, ಇದೇ ಬರತದ."

ಗುಣಿಸಿದೆ. ಬಂತು.

ಮುಧೋಳದ ಅಂಬರಾಯ ಇಪ್ಪತ್ತು ವರ್ಷದಿಂದ ದಿನಕ್ಕೆ ಮುನ್ನೂರು ಡಬ್ಬಿಗಳ ನಂಬರು ಬರೆಯುತ್ತಿದ್ದಾರೆ. ಮದುವೆಯಾಗಿಲ್ಲ. ವಾಡಿಯಲ್ಲಿ ಇಳಿಯುವವರೆಲ್ಲ ಇನ್ನೊಂದು ಗಾಡಿ ಹತ್ತಲಿಕ್ಕೇ ಇಳಿಯುವವರು. ಇವರನ್ನು ಮಾತಾಡಿಸಲು ಯಾರಿಗೂ ಪುರಸೊತ್ತಿಲ್ಲ.

ಮೊದಲು ಜೊತೆಗೆ ಬಂದೇಅಲಿ ಇದ್ದರು, ಇದೇ ಕೆಲಸದವರು. ಗಾಡಿ ತಡವಾದಾಗ ಒಬ್ಬರು ನಂಬರು ಹೇಳುವುದು, ಇನ್ನೊಬ್ಬರು ಅದನ್ನು ಗುಣಿಸಿದರೆ ಅದೇ ಬರುವಂಥ ಭಾಗಗಳಾಗಿ ಒಡೆಯುವುದು ಇಬ್ಬರ ಆಟ. ಹನ್ನೊಂದು ವರ್ಷದ ಹಿಂದೆ ಬಂದೇಅಲಿ ಒಂದು ದೊಡ್ಡ ನಂಬರು ಹೇಳಿದರು: ಹತ್ತು ಲಕ್ಷದ ಮೂರು, 1000003. ಅಂಬರಾಯರಿಗೆ ಒಡೆಯಲಾಗಲಿಲ್ಲ. ಮರುವಾರವೇ ಬಂದೇಅಲಿಗೆ ಪೂರ್ಣಾ ಜಂಕ್ಷನ್ನಿಗೆ ವರ್ಗವಾಯಿತು.

"ಉರ್ದುದಾಗ ಕಾಗದ ಬರೀತಿದ್ದ. ಎಲ್ಲಾದರ ಕಡೀಕ ಒಂದೇ ಮಾತು, ಒಡೆದೇನು ಅಂತ."

ಎರಡು ವರ್ಷದ ಮೇಲೆ ಕಾಗದ ನಿಂತವು. ಅಂಬರಾಯ ಬರೆದದ್ದು 'ಈ ಹೆಸರಿನವರಿಲ್ಲ' ಎಂದು ಮರಳಿ ಬಂತು. ಆದರೂ ಭಾಗಿಸುವುದು ನಿಲ್ಲಲಿಲ್ಲ. ಎರಡರಿಂದ ಹಿಡಿದು ಒಂದನ್ನೂ ಬಿಡದೆ, ಹಳೆಯ ಫಾರಂಗಳ ಹಿಂಬದಿಯಲ್ಲಿ, ದಿನಕ್ಕೆ ಹತ್ತು ಲೆಕ್ಕ. ಹೋದ ತಿಂಗಳಿಗೆ ನಲವತ್ತು ಸಾವಿರ ದಾಟಿತ್ತು. ಪ್ರತಿ ಸಲವೂ ಏನಾದರೂ ಶೇಷ ಉಳಿದೇ ಉಳಿಯುತ್ತಿತ್ತು.

ಆಗಲೇ ಗಾಡಿ ತಪ್ಪಿಸಿಕೊಂಡ ಚಿತ್ತಾಪುರದ ಪ್ರಹ್ಲಾದ ಮಾಸ್ತರರು ಆ ಕಾಗದದ ಗಂಟು ನೋಡಿದರು.

"ಸಾವಿರಕ್ಕ ನಿಲ್ಲಿಸಬೇಕಿತ್ತಲ್ರೀ! ಎರಡೂ ಭಾಗ ಸಾವಿರ ದಾಟಿದ್ರ ಗುಣಾಕಾರ ಇದಕ್ಕಿಂತ ದೊಡ್ಡದಾಗತದ. ಒಂದರೆ ಸಾವಿರದೊಳಗ ಸಿಗಬೇಕು. ಸಿಗಲಿಲ್ಲ ಅಂದ್ರ ಇದು ಒಡೆಯೂದೇ ಇಲ್ಲ."

ಇದನ್ನು ಹೇಳುವಾಗ ಅಂಬರಾಯ ಹಳಿಗಳ ಕಡೆ ನೋಡುತ್ತಾರೆ. "ನಾ ಸಾವಿರ ಮುಟ್ಟಿದ್ದು ನೂರನೇ ದಿನಕ್ಕ. ಆಗ ಅವನ ಕಾಗದ ಇನ್ನಾ ಬರತಿದ್ವು. ಉತ್ತರ ನನ್ನ ಕೈಯಾಗೇ ಇತ್ತು, ನನಗ ಗೊತ್ತಾಗಲಿಲ್ಲ."

ಎರಡು ದಿನ ಪೆನ್ಸಿಲ್ ಮುಟ್ಟಲಿಲ್ಲವಂತೆ. ಮೂರನೆಯ ದಿನ ಕೂತು, ಎರಡರಿಂದ ಸಾವಿರದವರೆಗಿನ ಲೆಕ್ಕವನ್ನೆಲ್ಲ ಮತ್ತೆ ತಾಳೆ ನೋಡತೊಡಗಿದರು. ವಾರಗಟ್ಟಲೆ ಹಿಡಿಯಿತು. ಒಂದೂ ತಪ್ಪಿರಲಿಲ್ಲ.

ಹೊರಡುವಾಗ, ಪತ್ರಿಕೆಯಲ್ಲಿ ನಿಮ್ಮ ಫೋಟೊ ಹಾಕಲೇ ಎಂದು ಕೇಳಿದೆ.

"ಬ್ಯಾಡ್ರಿ. ಆ ಅಂಕಿ ಹಾಕ್ರಿ, ದಪ್ಪಗ. ಅವಗ ಕನ್ನಡ ಓದಾಕ ಬರಂಗಿಲ್ಲ, ಅಂಕಿ ಗುರುತು ಹಿಡಿತಾನ. ಒಡೆಯಂಗಿಲ್ಲ ಅಂತ ಬಾಜೂಕಿನವರು ಯಾರರೆ ಓದಿ ಹೇಳ್ತಾರ. ಕೆಳಗ ವಾಡಿ ಅಂತ ಬರೀರಿ. ನಾ ಇಲ್ಲೇ ಇದ್ದೀನಿ."