ಟ್ಯಾಂಕಿನಲ್ಲಿ ಸಿಕ್ಕಿದ್ದು

ಕ್ಯಾನಿನಿಂದ ನೇರವಾಗಿ ಪಂಪಿಗೆ ಡೀಸೆಲ್ ಕೊಟ್ಟು ಲಾರಿ ಓಡಿಸಿ ನೋಡುವ ಕೆಲಸವನ್ನು ನಾನು ಮೊದಲ ದಿನವೇ ಮಾಡಬೇಕಿತ್ತು. ಮಾಡಿದ್ದು ಇಪ್ಪತ್ತನೇ ದಿನ. ಆ ಇಪ್ಪತ್ತು ದಿನಗಳಲ್ಲಿ ಮತ್ತು ಅದರ ಮುಂದಿನ ಒಂದು ಬೆಳಿಗ್ಗೆ ನಾನು ಒಬ್ಬ ಮನುಷ್ಯನ ಬದುಕನ್ನು ಕೆಡಿಸಿದೆ. ಗೊತ್ತಿದ್ದೂ ಕೆಡಿಸಿದೆ.

ತೊಂಬತ್ತರ ದಶಕದ ಕೊನೆಯ ಮಾತು. ನಂಜನಗೂಡಿನಲ್ಲಿ, ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕ ನನ್ನದೊಂದು ಶೆಡ್ಡು ಇತ್ತು. ಡೀಸೆಲ್ ಪಂಪು ಮತ್ತು ನಾಝಲ್ ಕೆಲಸದಲ್ಲಿ ಈ ಎರಡು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಜನ ಹೇಳುತ್ತಿದ್ದರು. ನಾನೂ ಅದನ್ನು ನಂಬಿದ್ದೆ. ನರಸೀಪುರದಲ್ಲಿ ಒಂದು ರೈಸ್ ಮಿಲ್ಲು ನಡೆಸುತ್ತಿದ್ದ ಸಾವುಕಾರರ ಹಳೆಯ ಲಾರಿ ನನ್ನ ಕೈಗೇ ಬರುತ್ತಿತ್ತು. ಸಾವುಕಾರರೂ ನಾನೂ ಒಂದೇ ಮಠಕ್ಕೆ ನಡೆದುಕೊಳ್ಳುವವರು. ಅವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಲಾರಿ ಮಿಲ್ಲಿನ ತೌಡನ್ನು ತುಂಬಿಕೊಂಡು ವಾರಕ್ಕೆ ಮೂರು ನಾಲ್ಕು ಸಲ ನಮ್ಮೂರ ಪಕ್ಕದ ತಾಂಡ್ಯದ ಎಣ್ಣೆ ಕಾರ್ಖಾನೆಗೆ ಬರುತ್ತಿತ್ತು.

ಅದನ್ನು ಓಡಿಸುತ್ತಿದ್ದವನು ಅದೇ ರಸ್ತೆಯ ಹದಿನಾರು ಎಂಬ ಗ್ರಾಮದ ಆಚೆಯ ಊರಿನವನು. ಮೂವತ್ತೈದರ ಆಸುಪಾಸು, ತೆಳ್ಳನೆಯ ಮೈ. ಕ್ಯಾಬಿನ್ನಿನಲ್ಲಿ ಎಲ್ಲರೂ ದೇವರ ಪಟ ಇಡುವ ಕಡೆ ಅವನು ಒಂದು ಸಣ್ಣ ಬುದ್ಧನ ಚಿತ್ರ ಅಂಟಿಸಿದ್ದ. ಮಿಲ್ಲಿನ ಹಮಾಲರು ಸಾವುಕಾರರನ್ನು ಒಡೆಯರಿಗೆ ಅನ್ನುವಂತೆ ಬುದ್ಧಿ ಎನ್ನುತ್ತಿದ್ದರು. ಇವನು ಮಾತ್ರ ಸಾ, ಅಂದರೆ ಸಾರ್, ಎನ್ನುತ್ತಿದ್ದ. ಅದು ಸಾವುಕಾರರಿಗೆ ಹಿಡಿಸುತ್ತಿರಲಿಲ್ಲ. ಆದರೆ ಗಾಡಿಯನ್ನು ಅವನಷ್ಟು ಜೋಪಾನ ಮಾಡುವವರು ಇರಲಿಲ್ಲವಾದ್ದರಿಂದ ಸಹಿಸಿಕೊಂಡಿದ್ದರು. ನನ್ನ ಶೆಡ್ಡಿನಲ್ಲಿ ಗಿರಾಕಿಗಳು ಕೂರಲೆಂದು ಒಂದು ಬೆಂಚು ಇತ್ತು. ಅವನು ಬಂದರೆ ನಾನು ಹಳೆಯ ಟಯರು ತೋರಿಸುತ್ತಿದ್ದೆ.

ಒಂದು ದಿನ ಅವನು ಲಾರಿ ತಂದು ನಿಲ್ಲಿಸಿ ಹೇಳಿದ: "ಮೇಸ್ತ್ರಿ, ಮಿಸ್ ಒಡೀತದೆ. ಏರಲ್ಲಿ ಎಳೀತಾ ಎಳೀತಾ ಗಕ್ ಗಕ್ ಅಂತದೆ, ಆಮೇಲೆ ಆಫು. ಅತ್ ನಿಮಿಸ ನಿಂತ್ರೆ ತಿರ್ಗಾ ಏನೂ ಆಗೇ ಇಲ್ವೇನೋ ಅನ್ನಂಗೆ ಓಡ್ತದೆ."

ಆ ಲಾರಿಯಲ್ಲಿ ಟ್ಯಾಂಕಿನ ಡೀಸೆಲ್ಲನ್ನು ಒಂದು ಚಿಕ್ಕ ಪಂಪು ಎಳೆದು ದೊಡ್ಡ ಪಂಪಿಗೆ ಕೊಡುತ್ತದೆ, ದೊಡ್ಡ ಪಂಪು ಅದನ್ನು ಒತ್ತಿ ನಾಝಲ್ಲುಗಳ ಮೂಲಕ ಸಿಲಿಂಡರಿಗೆ ಸಿಂಪಡಿಸುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಎಂಜಿನ್ ತಡವರಿಸುತ್ತದೆ. ಸದಾ ತಡವರಿಸುವ ಎಂಜಿನ್ನನ್ನು ರಿಪೇರಿ ಮಾಡುವುದು ಸುಲಭ. ಒಮ್ಮೆ ತಡವರಿಸಿ ಒಮ್ಮೆ ಸರಿಯಾಗಿ ಓಡುವುದು ಕಷ್ಟ, ಯಾಕೆಂದರೆ ಶೆಡ್ಡಿಗೆ ಬಂದಾಗ ಅದು ಸುಮ್ಮನೆ ಓಡುತ್ತಿರುತ್ತದೆ.

ನಾನು ಫಿಲ್ಟರುಗಳನ್ನು ಬದಲಿಸಿದೆ. ಪೈಪಿನಲ್ಲಿ ಸೇರಿದ ಗಾಳಿ ತೆಗೆದೆ. ತಾಮ್ರದ ವಾಷರುಗಳನ್ನು ಹೊಸದು ಹಾಕಿದೆ. ಲಾರಿ ಮೂರು ದಿನ ಓಡಿ ನಾಲ್ಕನೇ ದಿನ ಹದಿನಾರಿನ ಬಳಿ ನಿಂತಿತು. ನಾಝಲ್ಲುಗಳನ್ನು ಬಿಚ್ಚಿ ಪರೀಕ್ಷಿಸಿದೆ. ಪಂಪನ್ನೇ ಇಳಿಸಿ ಮೈಸೂರಿಗೆ ಕಳಿಸಿ ಸರಿ ಮಾಡಿಸಿದೆ. ಮತ್ತೆ ನಿಂತಿತು.

ಅವನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು ಬಂದಿದ್ದ. ಯಾವ ದಿನ, ಎಲ್ಲಿ ನಿಂತಿತು, ಆಗ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು ಎಂದು ಕಡ್ಡಿ ಅದ್ದಿ ನೋಡಿ ಬರೆದಿದ್ದ.

"ಮೇಸ್ತ್ರಿ, ಟ್ಯಾಂಕು ತುಂಬಿರೋವಾಗ ಒಂದ್ ಸಲಾನೂ ನಿಂತಿಲ್ಲ. ಅರ್ದಕ್ಕಿಂತ ಕೆಳುಕ್ ಬಂದ್ರೇನೆ ಈ ರೋಗ. ಟ್ಯಾಂಕೊಳ್ಗೆ ಏನಾರ ಅದಾ ಅಂತ ಒಸಿ ನೋಡ್ಬೈದಾ?"

ಬೆಂಚಿನ ಮೇಲೆ ಇಬ್ಬರು ಟ್ರ್ಯಾಕ್ಟರ್ ಮಾಲೀಕರು ಕೂತಿದ್ದರು. ಅವರೆದುರು ಒಬ್ಬ ಡ್ರೈವರು ನನಗೆ ಕೆಲಸ ಹೇಳಿಕೊಡುತ್ತಿದ್ದಾನೆ ಅನ್ನಿಸಿತು.

"ಓಹೋ, ಬರ್ಕಂಡ್ ಬಂದವ್ನೆ ನೋಡ್ರಪ್ಪ," ಎಂದೆ. "ಇಂಜಿನಿಯರ್ರು! ಸ್ಪ್ಯಾನರು ಕೊಡ್ಲಾ, ನೀನೇ ಬಿಚ್ತೀಯಾ? ನಾನು ಓಗಿ ಟಯರ್ ಮ್ಯಾಲೆ ಕೂತ್ಕತೀನಿ."

ಅವರು ನಕ್ಕರು. ಆ ಹಾಳೆಯನ್ನು ನಾನು ಅವನ ಕಣ್ಣೆದುರೇ ಕೈಗಂಟಿದ ಗ್ರೀಸು ಒರೆಸಲು ಬಳಸಿದೆ. ಅವನು ಹೇಳಿದ್ದು ಸರಿಯಿರಬಹುದು ಎಂದು ನನಗೆ ಆಗಲೇ ಹೊಳೆದಿತ್ತು. ಸರಿಯಿದ್ದರೆ ಹೇಳಿದವನು ಅವನಾಗುತ್ತಾನಲ್ಲ ಎಂದು ಟ್ಯಾಂಕಿನ ಕಡೆ ಹೋಗಲಿಲ್ಲ.

ಸಾವುಕಾರರು ಖುದ್ದಾಗಿ ಬಂದರು. "ಏನಪ್ಪಾ, ಪಂಪಿನ್ ಪಂಡಿತ? ಕೈಲಾಗ್ದಿದ್ರೆ ಯೇಳು, ಮೈಸೂರಲ್ಲಿ ಯಾರ್ಗಾದ್ರೂ ತೋರ್ಸ್ತೀನಿ."

ಅಷ್ಟು ಸಾಕಾಗಿತ್ತು. "ಅಣ್ಣ, ನನ್ ಕೆಲ್ಸದಲ್ಲಿ ಏನೂ ಇಲ್ಲ," ಎಂದೆ. "ಡೀಸೆಲ್ಲಲ್ಲೇ ಅದೆ. ಸೀಮೆಣ್ಣೆ ವಾಸ್ನೆ ಬತ್ತದೆ. ನಿಮ್ ಡ್ರೈವರು ಡೀಸೆಲ್ ಮಾರ್ಕಂಡು ಸೀಮೆಣ್ಣೆ ಉಯ್ತಾವ್ನೆ ಅನ್ಸುತ್ತೆ ನಂಗೆ."

ಆ ಕಾಲದಲ್ಲಿ ಅಂಥ ಕಳ್ಳತನ ಇತ್ತು. ಡ್ರೈವರುಗಳ ಮೇಲೆ ಆ ಅನುಮಾನ ಸದಾ ಇರುತ್ತಿತ್ತು. ಹೇಳಿದರೆ ಯಾರಾದರೂ ನಂಬುವಂಥ ಸುಳ್ಳನ್ನೇ ಆರಿಸಿಕೊಂಡಿದ್ದೆ. ವಾಸನೆ ಇರಲಿಲ್ಲ. ಸಾವುಕಾರರು ಅರೆಮನಸ್ಸಿನಿಂದ ತಲೆಯಾಡಿಸಿ, ಅವನನ್ನು ಎರಡು ದಿನ ಕೆಲಸಕ್ಕೆ ಬರಬೇಡ ಎಂದು ಮನೆಗೆ ಕಳಿಸಿ, ಲಾರಿಯನ್ನು ನನ್ನ ಬಳಿ ಬಿಟ್ಟು ಹೋದರು.

ಅವನಿಲ್ಲದಿದ್ದಾಗ ನಾನು ಮಾಡಬೇಕಾದದ್ದನ್ನು ಮಾಡಿದೆ. ಐದು ಲೀಟರಿನ ಕ್ಯಾನನ್ನು ಕ್ಯಾಬಿನ್ನಿನಲ್ಲಿ ಕಟ್ಟಿ, ಟ್ಯಾಂಕಿನ ಪೈಪು ಬಿಡಿಸಿ, ಕ್ಯಾನಿನಿಂದ ಪಂಪಿಗೆ ಪೈಪು ಎಳೆದು ಹದಿನಾರಿನವರೆಗೆ ಓಡಿಸಿದೆ. ತೌಡಿನ ಲೋಡಿನೊಂದಿಗೆ ಏರು ಹತ್ತಿಸಿದೆ. ಒಂದು ಸಲವೂ ಕೆಮ್ಮಲಿಲ್ಲ. ಅಂದರೆ ದೋಷ ಪಂಪಿನಲ್ಲಿಲ್ಲ, ನಾಝಲ್ಲಿನಲ್ಲಿಲ್ಲ. ವಾಪಸು ಬಂದು ಟ್ಯಾಂಕು ಖಾಲಿ ಮಾಡಿ, ಬಾಯಿಯೊಳಗೆ ಕೊಕ್ಕೆ ಬಿಟ್ಟು ಆಡಿಸಿದೆ. ಬಟ್ಟೆ ಸಿಕ್ಕಿತು.

ಅದು ನನ್ನ ಅಂಗಿಯ ತೋಳು. ನೀಲಿ ಗೆರೆಯ ಹಳೆಯ ಅಂಗಿ, ಹರಿದು ಕೈ ಒರೆಸಲು ಇಟ್ಟುಕೊಂಡಿದ್ದು. ಅದರ ಕೈಪಟ್ಟಿಗೆ ನನ್ನ ಹೆಂಡತಿ ಬೇರೆ ಬಣ್ಣದ ಗುಂಡಿ ಹೊಲಿದಿದ್ದಳು. ಒಂದು ತಿಂಗಳ ಹಿಂದೆ ಟ್ಯಾಂಕಿನ ತುಕ್ಕು ತೊಳೆದಾಗ ಧೂಳು ಬೀಳದಿರಲೆಂದು ಅದರ ಬಾಯಿಗೆ ಆ ತೋಳನ್ನು ತುರುಕಿ, ನಾನು ಟೀಗೆ ಹೋಗಿದ್ದೆ. ಬಂದಾಗ ಬಟ್ಟೆ ಕಾಣಲಿಲ್ಲ. ಗಾಳಿಗೆ ಎಲ್ಲೋ ಬಿದ್ದಿರಬೇಕೆಂದುಕೊಂಡು ಡೀಸೆಲ್ ಸುರಿದು ಮುಚ್ಚಳ ಹಾಕಿದೆ. ಅದು ಒಳಗೆ ಬಿದ್ದಿತ್ತು. ಟ್ಯಾಂಕು ತುಂಬಿದ್ದಾಗ ಎಲ್ಲೋ ತೇಲಾಡುತ್ತಿತ್ತು. ಕಡಿಮೆಯಾದಾಗ, ಏರಿನಲ್ಲಿ ಪಂಪು ಜೋರಾಗಿ ಎಳೆದಾಗ, ಎಳೆಯುವ ಪೈಪಿನ ಬಾಯಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಎಂಜಿನ್ ನಿಂತರೆ ಎಳೆತವೂ ನಿಲ್ಲುತ್ತದೆ, ಬಟ್ಟೆ ಕಳಚಿಕೊಳ್ಳುತ್ತದೆ. ಹತ್ತು ನಿಮಿಷದ ನಂತರ ಲಾರಿ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಅವನು ಹಾಳೆಯಲ್ಲಿ ಬರೆದಿದ್ದುದು ಅಕ್ಷರಶಃ ನಿಜವಾಗಿತ್ತು.

ಆ ತೋಳನ್ನು ಶೆಡ್ಡಿನ ಹಿಂದೆ ಸುಟ್ಟೆ. ಟ್ಯಾಂಕು ತೊಳೆದು ಹೊಸ ಡೀಸೆಲ್ ಹಾಕಿದೆ. ಮರುದಿನ ಲಾರಿಯನ್ನು ನಾನೇ ನರಸೀಪುರಕ್ಕೆ ಓಡಿಸಿಕೊಂಡು ಹೋಗಿ ಸಾವುಕಾರರಿಗೆ ಹೇಳಿದೆ: "ನೋಡಿ ಅಣ್ಣ, ನಾನು ಬೇರೆ ಏನೂ ಮುಟ್ಟಿಲ್ಲ. ಆ ಡೀಸೆಲ್ ಚೆಲ್ದೆ, ಒಳ್ಳೇದು ಆಕ್ದೆ. ಗಾಡಿ ಉಸಾರು." ಲಾರಿ ಸರಿಯಾದದ್ದೇ ಅವನು ಕಳ್ಳನೆಂಬುದಕ್ಕೆ ಸಾಕ್ಷಿಯಾಯಿತು.

ಆದರೂ ಸಾವುಕಾರರು ಅನುಮಾನಿಸಿದರು. "ಒಳ್ಳೆ ಕೆಲ್ಸಗಾರ ಕಣಯ್ಯಾ ಅವ್ನು. ಯಾಕೋ ಮನ್ಸು ಒಪ್ತಿಲ್ಲ."

ಆಗ ನಾನು ಕರ್ಪೂರದ ಮಾತು ತೆಗೆದೆ. ನಮ್ಮ ಕಡೆ ಕಳ್ಳತನದ ಮಾತು ಬಂದರೆ ಕರ್ಪೂರ ಹಚ್ಚಿ, ಉರಿಯುತ್ತಿರುವುದನ್ನು ಅಂಗೈಯಿಂದ ಆರಿಸಿ ಆಣೆ ಮಾಡಿಸುವ ಪದ್ಧತಿ ಇದೆ. ಆರಿಸಿದವನು ನಿರ್ದೋಷಿ, ಹಿಂಜರಿದವನು ಕಳ್ಳ. ಅವನು ಆರಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಕ್ಯಾಬಿನ್ನಿನ ಚಿತ್ರ ನೋಡಿ ಕೇಳಿದಾಗ, ಮನೆಮಂದಿಯೆಲ್ಲ ಬೌದ್ಧರಾಗಿರುವುದನ್ನೂ ದೇವರು, ಆಣೆ, ಹರಕೆ ಎಲ್ಲ ಬಿಟ್ಟಿರುವುದನ್ನೂ ಅವನೇ ಟಯರಿನ ಮೇಲೆ ಕೂತು ನನಗೆ ಹೇಳಿದ್ದ.

ಸಾವುಕಾರರು ಒಪ್ಪಿದರು. ಮರುದಿನ ಬೆಳಿಗ್ಗೆ ಮಿಲ್ಲಿನ ಅಂಗಳದಲ್ಲಿ ಲಾರಿಯ ಮುಂದೆ ಒಂದು ಕಲ್ಲಿನ ಮೇಲೆ ಕರ್ಪೂರ ಇಟ್ಟರು. ಹಮಾಲರು, ಭತ್ತ ತಂದ ರೈತರು, ಲೆಕ್ಕ ಬರೆಯುವ ರೈಟರು, ಎಲ್ಲ ಸೇರಿ ಮೂವತ್ತು ಜನರಿದ್ದರು. ಅವನಿಗೆ ಹೇಳಿ ಕಳಿಸಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕೆಲಸಕ್ಕೆ ಕರೆದಿದ್ದಾರೆ ಅಂದುಕೊಂಡಿದ್ದನೋ ಏನೋ.

"ಸೀಮೆಣ್ಣೆ ಉಯ್ದಿಲ್ಲ ಅಂದ್ರೆ ಆರ್ಸು," ಎಂದರು ಸಾವುಕಾರರು, ಕರ್ಪೂರ ಹಚ್ಚಿಸಿ. "ಅಲ್ಲಿಗೆ ಮುಗೀತು."

ಅವನು ಕರ್ಪೂರ ನೋಡಿದ. "ಉಯ್ದಿಲ್ಲ ಸಾ. ಆದ್ರೆ ಇದ್ನ ನಾನು ಮಾಡಲ್ಲ. ನಾವು ಇದೆಲ್ಲಾ ಬುಟ್ಬುಟ್ಟಿದ್ದೀವಿ. ಸುಳ್ ಯೇಳಲ್ಲ ಅಂತ ಬುದ್ಧನ ಮುಂದೆ ಸೀಲ ತಕಂಡಿವ್ನಿ, ನಂಗೆ ಅದೇ ಆಣೆ."

"ಅಯ್ಯೋ, ಕೈ ಸುಟ್ಟೋಯ್ತದೆ ಅಂತ ಭಯ ಕಣ್ಲಾ ಅವನ್ಗೆ," ಎಂದ ಒಬ್ಬ ಹಮಾಲ.

"ಸೀಮೆಣ್ಣೆ ಕೈ ಅಲ್ವಾ, ಬಗ್ಗನೆ ಅತ್ಕಂಡ್ಬುಡ್ತದೆ!" ಎಂದ ಇನ್ನೊಬ್ಬ.

ಅಂಗಳವೆಲ್ಲ ನಕ್ಕಿತು. ಅವನು ನಗು ಮುಗಿಯುವವರೆಗೂ ಕಾದು ನನ್ನ ಕಡೆ ತಿರುಗಿದ.

"ಮೇಸ್ತ್ರಿ, ಟ್ಯಾಂಕು ಖಾಲಿ ಮಾಡಿದ್ರಂತಲ್ಲ. ನೀವೇ ಯೇಳ್ಬುಡಿ. ಒಳ್ಗೆ ಏನ್ ಸಿಕ್ತು?"

ಅವನ ದನಿಯಲ್ಲಿ ಸವಾಲು ಇರಲಿಲ್ಲ. ನಾನು ನಿಜ ಹೇಳುತ್ತೇನೆ ಎಂದು ನಂಬಿಯೇ ಕೇಳಿದ್ದ. ಇಪ್ಪತ್ತು ದಿನ ಅವಮಾನ ಮಾಡಿದವನನ್ನು ಅವನು ಯಾಕೆ ನಂಬಿದ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

"ಸೀಮೆಣ್ಣೆ ಸಿಕ್ತು," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅವ್ನು ಆರ್ಸಲ್ಲ ಅಂದ್ರೆ ನಾನು ಆರ್ಸ್ತೀನಿ, ನೋಡ್ಕಳಿ ಎಲ್ರೂವೆ," ಎಂದು ಮುಂದೆ ಹೋಗಿ ಉರಿಯುತ್ತಿದ್ದ ಕರ್ಪೂರದ ಮೇಲೆ ಅಂಗೈ ಒತ್ತಿದೆ. ಆರಿತು. ಕೈ ಸುಡಲಿಲ್ಲ. ಗ್ರೀಸು ಹಿಡಿದು ದಪ್ಪಗಾದ ಅಂಗೈ ಅದು. ಒಬ್ಬ ಮುದುಕ ರೈತ ನನಗೆ ಕೈ ಮುಗಿದ.

ಅವನು ಲಾರಿಯ ಬಾಗಿಲು ತೆಗೆದು ಬುದ್ಧನ ಚಿತ್ರವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿಕೊಳ್ಳತೊಡಗಿದ. ಗೋಂದು ಗಟ್ಟಿಯಾಗಿತ್ತು, ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಜನ ಅವನ ಬೆನ್ನಿಗೆ ಮಾತಾಡುತ್ತಲೇ ಇದ್ದರು. ಚಿತ್ರದ ಒಂದು ಮೂಲೆ ಹರಿದು ಅಲ್ಲೇ ಉಳಿಯಿತು.

ನರಸೀಪುರದಿಂದ ನಂಜನಗೂಡಿನವರೆಗೆ ಯಾರೂ ಅವನಿಗೆ ಮತ್ತೆ ಗಾಡಿ ಕೊಡಲಿಲ್ಲ. ಸೀಮೆಣ್ಣೆ ಎಂಬುದೇ ಅವನ ಹೆಸರಾಯಿತು. ಆ ಹೆಸರು ಊರು ಊರಿಗೆ ಹೋಯಿತು, ಅವನ ಮಗಳ ಶಾಲೆಗೂ ಹೋಯಿತು ಎಂದು ಕೇಳಿದೆ. ಅವನು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿಕೊಂಡ. ತಾನು ಓಡಿಸುತ್ತಿದ್ದ ಲಾರಿಯಿಂದಲೇ ತೌಡು ಇಳಿಸುತ್ತಿದ್ದುದನ್ನು ನಾನೇ ಒಮ್ಮೆ ಕಂಡೆ. ಕಂಡು ಮುಖ ತಿರುಗಿಸಿಕೊಂಡೆ. ನನ್ನ ಶೆಡ್ಡಿಗೆ ಕೆಲಸ ಹೆಚ್ಚಾಯಿತು. ಕರ್ಪೂರ ಆರಿಸಿದ ಮೇಸ್ತ್ರಿ ಎಂದು ಜನ ಹುಡುಕಿಕೊಂಡು ಬರುತ್ತಿದ್ದರು.

ಎಂಟು ಹತ್ತು ವರ್ಷ ಕಳೆದ ಮೇಲೆ, ನನ್ನ ಹೆಂಡತಿ ತೀರಿಕೊಂಡ ವರ್ಷ, ನಾನು ಅವನ ಊರಿಗೆ ಹೋದೆ. ಹೋದದ್ದು ಒಳ್ಳೆಯತನದಿಂದಲ್ಲ. ನಿದ್ದೆ ಬರುತ್ತಿರಲಿಲ್ಲ. ಅವನು ಮನೆಯ ಮುಂದೆ ಸೈಕಲ್ ತೊಳೆಯುತ್ತಿದ್ದ. ನನ್ನನ್ನು ನೋಡಿ, ಒಳಗಿನಿಂದ ಕುರ್ಚಿ ತಂದು ಹಾಕಿದ. ನಾನು ಅಂಗಿಯ ತೋಳಿನ ಕಥೆ ಪೂರ್ತಿ ಹೇಳಿದೆ. ಅವನು ಕೇಳುತ್ತಾ ಸೈಕಲ್ ಒರೆಸುವುದನ್ನು ಮುಂದುವರಿಸಿದ.

"ತಪ್ಪಾಯ್ತು ಕಣಪ್ಪಾ," ಎಂದೆ.

"ಬಟ್ಟೇನಾ? ಒಳ್ಗೆ ಏನೋ ಅದೆ ಅಂತ ಗೊತ್ತಿತ್ತು," ಎಂದ. ಕೈಲಿದ್ದ ಬಟ್ಟೆ ಹಿಂಡಿ ಕೇಳಿದ: "ನಂಗ್ಯಾಕ್ ಯೇಳ್ತೀರಿ ಮೇಸ್ತ್ರಿ? ನಾನು ಉಯ್ದಿಲ್ಲ ಅಂತ ನಂಗೆ ಗೊತ್ತಿಲ್ವಾ? ಗೊತ್ತಿಲ್ದೋರು ಮಿಲ್ಲಲ್ಲವ್ರೆ. ಅಲ್ಲೋಗಿ ಯೇಳಿ. ಎಲ್ ಯೇಳಿದ್ರೋ ಅಲ್ಲೇ ಯೇಳಿ."

ಆಯಿತು ಎಂದೆ. ಅಲ್ಲಿಂದ ನೇರವಾಗಿ ನರಸೀಪುರದ ಬಸ್ಸು ಹತ್ತಿದೆ. ಮಿಲ್ಲಿನ ಗೇಟಿನಲ್ಲಿ ಸಾವುಕಾರರೇ ಸಿಕ್ಕಿದರು. "ಬಾರಯ್ಯಾ, ದೇವ್ರು ಕಳ್ಸ್ದಂಗೆ ಬಂದೆ. ಹೊಸ ಗಾಡಿ ಒಂದು ಹೊಗೆ ಬುಡ್ತಾ ಅದೆ, ನೋಡು," ಎಂದು ಕೈ ಹಿಡಿದು ಕರೆದೊಯ್ದರು. ಅಂಗಳದಲ್ಲಿ ಆ ಹಳೆಯ ಹಮಾಲರು ನಾಲ್ಕೈದು ಜನ ಇದ್ದರು. ಸಾವುಕಾರರು ಅವರಿಗೆ ನನ್ನನ್ನು ತೋರಿಸಿ, "ಸೀಮೆಣ್ಣೆ ಕಳ್ಳನ್ನ ಹಿಡ್ಕೊಟ್ಟೋನು ಇವ್ನೇ ಅಲ್ವೇನ್ರೋ," ಎಂದರು. ಅವರು ನಕ್ಕರು. ನಾನೂ ನಕ್ಕೆ. ಗಾಡಿ ನೋಡಿ, ಅವರ ಮನೆಯಲ್ಲಿ ಊಟ ಮಾಡಿ ವಾಪಸು ಬಂದೆ.

ಸಾವುಕಾರರು ಈಗಿಲ್ಲ. ಮಿಲ್ಲು ಕೈ ಬದಲಾಗಿದೆ. ಅವನ ಊರಿಗೆ ನಾನು ಮತ್ತೆ ಹೋಗಿಲ್ಲ. ಹೋದರೆ, ಹೇಳಿದ್ರಾ ಎಂದು ಕೇಳುತ್ತಾನೆ. ಆ ಬೆಳಿಗ್ಗೆ ಮಿಲ್ಲಿನ ಅಂಗಳದಲ್ಲಿ ನಿಂತಿದ್ದವರಲ್ಲಿ ಯಾರಾದರೂ ಬದುಕಿದ್ದು ಇದನ್ನು ಓದಿದರೆ, ಅಥವಾ ಓದಿಸಿ ಕೇಳಿದರೆ, ಅವರಿಗೆ ಹೇಳುತ್ತಿದ್ದೇನೆ: ಅವನು ಡೀಸೆಲ್ ಕದ್ದಿರಲಿಲ್ಲ. ಟ್ಯಾಂಕಿನಲ್ಲಿ ಸೀಮೆಣ್ಣೆ ಇರಲಿಲ್ಲ. ಅವನು ನಿಜ ಹೇಳಿದ್ದ, ಸುಳ್ಳು ಆಣೆ ಮಾಡಿದವನು ನಾನು.