ದೊಡ್ಡವ್ವನ ಆಮೆಗೂ ಆಷಾಢ

ಗೆಳೆಯರೇ, ಇವತ್ತು ಕೆ.ಆರ್. ನಗರದಲ್ಲಿ ಒಂದು ಸಂಸಾರ ಒಡೆದು ಬಂದೆ. ಬಹಳ ಖುಷಿಯಾಗಿದ್ದೇನೆ.

ದೊಡ್ಡವ್ವನ ಮನೆಯ ಟಬ್ಬಿನಲ್ಲಿ ಜೋಡಿ ಆಮೆಗಳಿವೆ. ದೊಡ್ಡ ಆಮೆ ನಾಲ್ಕು ದಿನದಿಂದ ಏನೂ ತಿಂದಿರಲಿಲ್ಲ. ಅದರ ಕತ್ತಿನ ತುಂಬ ಗಾಯ.

"ಗಂಡಂಗೆ ದೃಷ್ಟಿ ಆಗದೆ ಕಣ್ಲಾ. ಹೆಂಡ್ತಿ ಪಾಪ, ಮುಖ ಸವರ್ಕಂಡು ಸೇವೆ ಮಾಡ್ತವ್ಳೆ" ಎಂದಳು ದೊಡ್ಡವ್ವ.

ನಾನು ಚಿಕ್ಕ ಆಮೆಯನ್ನು ಎತ್ತಿ, ಮುಂಗಾಲಿನ ಉದ್ದನೆಯ ಉಗುರು, ದಪ್ಪ ಬಾಲ ತೋರಿಸಿದೆ. "ಇವನೇ ಗಂಡು ದೊಡ್ಡವ್ವ. ಬೆದೆಗೆ ಬಂದು ಅವಳನ್ನ ಕಚ್ತಾವ್ನೆ. ಬ್ಯಾರೆ ಇಡದಿದ್ರೆ ಅವಳು ಸತ್ತೋಯ್ತಾಳೆ."

"ಒಂಬತ್ನೇ ಕ್ಲಾಸ್ಗೇ ಸ್ಕೂಲು ಬುಟ್ಟೋನು ನಂಗೇಳಕೆ ಬಂದ. ಜೋಡಿ ಅಗಲ್ಸುದ್ರೆ ಪಾಪ ಸುತ್ಕತದೆ."

ಶಾಲೆ ಬಿಟ್ಟದ್ದು ನಿಜ. ಆದರೆ ಹುಣಸೂರಿನ ಬಣ್ಣದ ಮೀನಿನ ಅಂಗಡಿಯಲ್ಲಿ ಆರು ತಿಂಗಳು ಆಮೆ ತೊಟ್ಟಿ ತೊಳೆದಿದ್ದೇನೆ. ಅದನ್ನೂ ಬಿಟ್ಟೆ, ಅದು ಬೇರೆ ಮಾತು.

"ಆಷಾಡ ಅಂತ ನಿನ್ ಸೊಸೇನ ಮೊನ್ನೆ ತವರಿಗೆ ಕಳಿಸ್ದಲ್ಲ, ಆ ಪಾಪ ಯಾರ್ಗೆ ಸುತ್ಕತು?" ಎಂದೆ.

ದೊಡ್ಡವ್ವ ಒಳಗೆ ಹೋಗಿ ಬಟ್ಟೆ ನೆನೆಸುವ ಬೇಸಿನ್ ತಂದಿಟ್ಟಳು. ಹೆಣ್ಣಾಮೆ ಅದಕ್ಕೆ ಇಳಿದ ಅರ್ಧ ಗಂಟೆಯಲ್ಲಿ ಎರಡು ಎರೆಹುಳ ನುಂಗಿತು.

"ಆಷಾಡ ಮುಗುದ್ಮೇಲೆ ವಾಪಸ್ ಕಳಿಸ್ಬೇಕಲ್ವಾ?"

ಸುಳ್ಳು ಹೇಳಲಾಗಲಿಲ್ಲ. "ಇಲ್ಲ ದೊಡ್ಡವ್ವ, ಯಾವತ್ತೂ ಬ್ಯಾಡ."

ಅವಳು ಬೇಸಿನ್ನನ್ನೇ ನೋಡುತ್ತ ನಿಂತಳು. "ಬುಡು, ಇಲ್ಲೇ ಇರ್ಲಿ. ಉಣ್ತಾವ್ಳಲ್ಲ, ಸಾಕು."

ಗಂಡನ ಕಾಟ ತಾಳದೆ ತವರಿಗೆ ಬಂದವಳಿಗೆ ನಮ್ಮ ವಂಶದಲ್ಲಿ ಯಾರಾದರೂ ಈ ಮಾತು ಹೇಳಿದ್ದು ಇದೇ ಮೊದಲು.